ಜಗಳ ಬೇಡ ಅಂತ ಮಾತೇ ಬಿಟ್ಟರೆ?

ಪ್ರಶ್ನೆ: ನನಗೆ 38 ವರ್ಷ. ಚಿಕ್ಕವನಿದ್ದಾಗ ಅಪ್ಪ ಸಿಟ್ಟು ಬಂದರೆ ಊಟದ ತಟ್ಟೆ ಎಸೆಯುತ್ತಿದ್ದರು. ಹಾಗಾಗಬಾರದು ಅಂತ ನಾನು ಸಿಟ್ಟು ಬಂದಾಗ ಸುಮ್ಮನಾಗುತ್ತೇನೆ. ಎರಡು ಮೂರು ದಿನ ಹೆಂಡತಿಯನ್ನು ಮಾತಾಡಿಸುವುದಿಲ್ಲ. ‘ಇದಕ್ಕಿಂತ ಬೈದುಬಿಡಿ’ ಅಂತಾಳೆ ಅವಳು. ಮೊನ್ನೆ ಎಂಟು ವರ್ಷದ ಮಗನೂ ಅಮ್ಮನ ಜೊತೆ ದಿನವಿಡೀ ಮಾತು ಬಿಟ್ಟ. ನನ್ನದು ತಪ್ಪಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಅಪ್ಪನ ದಾರಿ ಹಿಡಿಯಬಾರದು ಅಂತ ನಿರ್ಧರಿಸಿ ಇಷ್ಟು ವರ್ಷ ಹಾಗೇ ನಡೆದುಕೊಂಡಿದ್ದೀರಿ. ಅದು ಸಣ್ಣ ವಿಷಯವಲ್ಲ.

ಆದರೆ ಹೆಂಡತಿಯ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಿ. ಬೈಸಿಕೊಳ್ಳೋಕೆ ಯಾರಿಗೂ ಇಷ್ಟವಿರುವುದಿಲ್ಲ. ಬೈದರೆ ಏನು ತಪ್ಪಾಯಿತು ಅಂತಲಾದರೂ ತಿಳಿಯುತ್ತೆ. ನೀವು ಮಾತು ಬಿಟ್ಟಾಗ ಕಾರಣವೂ ತಿಳಿಯದು, ಇದು ಯಾವಾಗ ಮುಗಿಯುತ್ತೆ ಅನ್ನೋದೂ ತಿಳಿಯದು. ಅಡುಗೆ ಮಾಡುತ್ತಾ, ಬಡಿಸುತ್ತಾ, ನಿಮ್ಮ ಮುಖ ನೋಡುತ್ತಾ ಅವರು ಕಾಯಬೇಕು. ‘ನಿಮ್ಮಪ್ಪಂಗೆ ಊಟಕ್ಕೆ ಬರೋಕೆ ಹೇಳು’ ಅಂತ ಮಗನ ಕೈಲಿ ಹೇಳಿ ಕಳಿಸುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಆ ಮಗು ಅದನ್ನೇ ಕಲಿಯುತ್ತೆ.

ಸಿಟ್ಟು ನೆತ್ತಿಗೇರಿದಾಗ ಸ್ವಲ್ಪ ಹೊತ್ತು ದೂರ ಹೋಗುವುದು ಒಳ್ಳೆಯದೇ. ಗಂಡ ಹೆಂಡತಿಯರ ಜಗಳಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಹೇಳುವುದೂ ಇದನ್ನೇ. ಜಗಳದಲ್ಲಿ ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ತಲೆಗೆ ಹೋಗುವುದಿಲ್ಲ. ಮೈ ತಣ್ಣಗಾಗಲು ಕನಿಷ್ಠ 20 ನಿಮಿಷ ಬೇಕು. ಆ ಹೊತ್ತಲ್ಲಿ ಅದೇ ಜಗಳವನ್ನು ಮನಸ್ಸಲ್ಲಿ ಮೆಲುಕು ಹಾಕಬಾರದು, ಅಷ್ಟೆ. ಅಂದರೆ ಬೇಕಿರುವುದು ನಿಮಿಷಗಳು, ಮೂರು ದಿನ ಅಲ್ಲ. ಸಿಟ್ಟು ಇಳಿದ ಮೇಲೂ ಮುಂದುವರಿಯುವ ಮೌನ ಯಾಕಾಗಿ? ‘ಅವಳಿಗೆ ಗೊತ್ತಾಗಲಿ’ ಅನ್ನೋದು ಅದರಲ್ಲಿ ಒಂಚೂರಾದರೂ ಇದೆ, ಅಲ್ವಾ? ಆ ಭಾಗ ತಪ್ಪು ಅಂತಲೇ ನಾನು ಹೇಳುತ್ತೇನೆ.

ನಿಮಗೆ ಇದು ಯಾಕೆ ಕಷ್ಟ ಅಂತ ಅರ್ಥವಾಗುತ್ತೆ. ನೀವು ಬೆಳೆದ ಮನೆಯಲ್ಲಿ ಒಂದೋ ತಟ್ಟೆ ಹಾರಬೇಕಿತ್ತು, ಇಲ್ಲವೇ ಎಲ್ಲರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಸಿಟ್ಟನ್ನು ಮಾತಲ್ಲಿ ಹೇಳುವುದನ್ನು ನೀವು ನೋಡಿಯೇ ಇಲ್ಲ. ಈ ಮಾತನ್ನು ಹೆಂಡತಿಗೆ ಯಾವತ್ತಾದರೂ ಹೇಳಿದ್ದೀರಾ? ಜಗಳವಿಲ್ಲದ ಒಂದು ದಿನ ನೋಡಿ ಹೇಳಿಬಿಡಿ.

ಮುಂದಿನ ಸಲ ಎದ್ದು ಹೋಗುವ ಮುಂಚೆ ಇಷ್ಟು ಹೇಳಿ: ‘ನಂಗೀಗ ತುಂಬಾ ಸಿಟ್ಟು ಬಂದಿದೆ. ಊಟ ಆದ್ಮೇಲೆ ಮಾತಾಡ್ತೀನಿ.’ ಊಟವಾದ ಮೇಲೆ ನೀವೇ ಮಾತು ಶುರು ಮಾಡಬೇಕು. ಅವರು ಬಂದು ಕೇಳಲಿ ಅಂತ ಕಾಯಬೇಡಿ. ‘ನೀನು ಯಾವಾಗಲೂ ಹೀಗೇ’ ಅನ್ನುವ ಬದಲು ನಡೆದದ್ದನ್ನು ಹೇಳಿ: ‘ಅಕ್ಕನ ಎದುರಿಗೆ ಸಾಲದ ಮಾತು ತೆಗೆದೆಯಲ್ಲ, ನಂಗೆ ಅವಮಾನ ಆಯ್ತು.’ ಮೊದಮೊದಲು ದನಿ ನಡುಗಬಹುದು, ಮಾತು ತಡವರಿಸಬಹುದು. ಪರವಾಗಿಲ್ಲ.

ಮಗನಿಗೆ ಸದ್ಯ ಬುದ್ಧಿ ಹೇಳಲು ಹೋಗಬೇಡಿ. ನೀವಿಬ್ಬರೂ ಮತ್ತೆ ಮಾತಾಡುವಾಗ ಅವನು ಅಲ್ಲೇ ಇದ್ದರೆ ಸಾಕು.

ಇಷ್ಟಾದರೂ ಬಾಯಿ ಕಟ್ಟಿದಂತಾದರೆ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ (14416) ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.