ಸಂಪಾದಕರ ಉತ್ತರ: ಆಮದು ಸಿಗಡಿಯೂ ರಾಜ್ಯಗಳ ಉಸಾಬರಿಯೂ

ಮಾನ್ಯರೇ,

ಬಡಿಸುವ ಸಿಗಡಿ ಆಮದಿನದಾದರೆ ಹೋಟೆಲುಗಳು ಗಿರಾಕಿಗೆ ತಿಳಿಸಬೇಕೆಂದು ಅಮೆರಿಕದ ದಕ್ಷಿಣದ ರಾಜ್ಯಗಳು ತರುತ್ತಿರುವ ಕಾನೂನುಗಳನ್ನು ನಾವು ಮೆಚ್ಚಿ ಬರೆದದ್ದಕ್ಕೆ ನೀವು ಖಾರವಾಗಿಯೇ ಪ್ರತಿಕ್ರಿಯಿಸಿದ್ದೀರಿ. ‘ಕೇಂದ್ರದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇರುವಾಗ ಲೂಸಿಯಾನಾ, ಅಲಬಾಮಾಗಳಿಗೆ ಈ ಉಸಾಬರಿ ಏಕೆ? ತಮ್ಮ ಮೀನುಗಾರರನ್ನು ಕಾಯಲು ಸುರಕ್ಷತೆಯ ನೆಪ’ ಎನ್ನುತ್ತೀರಿ. ಭಾರತದ ಸಿಗಡಿಗೆ ಅಮೆರಿಕವೇ ದೊಡ್ಡ ಮಾರುಕಟ್ಟೆಯಾಗಿರುವಾಗ ನಿಮ್ಮ ಅನುಮಾನ ಸಹಜ. ಆದರೆ ನಿಮ್ಮ ವಾದವನ್ನು ಅರ್ಧ ಮಾತ್ರ ಒಪ್ಪಬಲ್ಲೆ.

ಎಫ್‌ಡಿಎ 1997ರ ಡಿಸೆಂಬರ್‌ನಿಂದ ನೆಚ್ಚಿಕೊಂಡಿರುವುದು ಹ್ಯಾಸಪ್ ಎಂಬ ಆಹಾರ ಸುರಕ್ಷತಾ ನಿಯಮಗಳನ್ನು. ಅಪಾಯ ಎಲ್ಲಿ ಹುಟ್ಟಬಹುದೆಂದು ಸಂಸ್ಕರಣಾ ಘಟಕವೇ ಗುರುತಿಸಿ ತಡೆಯಬೇಕು, ಆಮದುದಾರ ಅದನ್ನು ಖಾತರಿಪಡಿಸಿಕೊಳ್ಳಬೇಕು. ಹೆಚ್ಚಿನದೆಲ್ಲ ಕಾಗದಪತ್ರದ ವ್ಯವಹಾರ. 2009ರ ಸಾಲಿನಲ್ಲಿ ಔಷಧದ ಉಳಿಕೆಗಾಗಿ ಪರೀಕ್ಷೆಗೆ ಒಳಪಟ್ಟದ್ದು ಆಮದು ಸರಕಿನ ಸುಮಾರು ಶೇ 0.1 ಎಂದು ಅಲ್ಲಿನ ಸಂಸತ್ತಿನದೇ ಲೆಕ್ಕಪರಿಶೋಧನಾ ಸಂಸ್ಥೆ ಬಯಲು ಮಾಡಿತು.

ಹುಡುಕುವುದಾದರೂ ಏನನ್ನು? ಕಿಕ್ಕಿರಿದ ಕೊಳಗಳಲ್ಲಿ ರೋಗ ಹಬ್ಬದಿರಲೆಂದು ಕೆಲವರು ಬಳಸುವ ಪ್ರತಿಜೀವಕಗಳನ್ನು. ಅವುಗಳಲ್ಲಿ ಒಂದಾದ ಕ್ಲೋರಾಂಫೆನಿಕಾಲ್ ಅಪರೂಪಕ್ಕೆ ಮನುಷ್ಯನ ಅಸ್ಥಿಮಜ್ಜೆಯನ್ನೇ ಕೆಡಿಸುತ್ತದೆ. ಇಷ್ಟರವರೆಗೆ ಪರವಾಗಿಲ್ಲ ಎಂದು ಗೆರೆ ಎಳೆಯಲಾಗದ ಕಾರಣ ಅದಕ್ಕೆ ಪೂರ್ತಿ ನಿಷೇಧ. ಒಂದು ಕಿಲೋ ಸಿಗಡಿಯಲ್ಲಿ ಒಂದು ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೂ ತಪ್ಪೇ. ಮೂಸಿ ನೋಡಿದರೆ, ಬೇಯಿಸಿ ತಿಂದರೆ ತಿಳಿಯುವಂಥದ್ದಲ್ಲ; ಪ್ರಯೋಗಾಲಯವೇ ಬೇಕು.

ಆ ಪ್ರಯೋಗಾಲಯ ರಾಜ್ಯದ್ದಾದರೂ ಆದೀತು. ಗಡಿಯಲ್ಲಿ ಹಡಗು ತಡೆಯುವ ಅಧಿಕಾರ ರಾಜ್ಯಕ್ಕಿಲ್ಲ. ಆದರೆ ಸರಕು ತನ್ನ ಅಂಗಡಿಗಳಿಗೆ ಇಳಿದ ಮೇಲೆ ಮಾರಾಟ ನಿಲ್ಲಿಸಬಹುದು. 2007ರಲ್ಲಿ ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳು ಮಾಡಿದ್ದು ಅದನ್ನೇ. ಚೀನಾದ ಕ್ಯಾಟ್‌ಫಿಶ್‌ನಲ್ಲಿ ನಿಷೇಧಿತ ಫ್ಲೋರೋಕ್ವಿನಲೋನ್ ಎಂಬ ಪ್ರತಿಜೀವಕ ಪತ್ತೆಯಾಯಿತು, ಮಾರಾಟ ನಿಂತಿತು. ಆ ರಾಜ್ಯಗಳೂ ಕ್ಯಾಟ್‌ಫಿಶ್ ಸಾಕುವವೇ, ಸ್ವಾರ್ಥ ಇರಲಿಲ್ಲ ಎನ್ನಲಾರೆ. ಆದರೆ ಕೈಯಲ್ಲಿ ಪರೀಕ್ಷಾ ವರದಿ ಇತ್ತು. ಜೂನ್ ಕೊನೆಗೆ ಎಫ್‌ಡಿಎ ಕೂಡ ಚೀನಾದ ಸಾಕಣೆ ಸಿಗಡಿ, ಕ್ಯಾಟ್‌ಫಿಶ್, ಬಾಸಾ, ಡೇಸ್, ಹಾವುಮೀನುಗಳನ್ನು ಶುದ್ಧವೆಂದು ರುಜುವಾತಾಗುವವರೆಗೆ ಬಂದರಿನಲ್ಲೇ ತಡೆಹಿಡಿಯಿತು.

ಈಗಿನ ಹೋಟೆಲ್ ಫಲಕದ ಕಾನೂನುಗಳಿಗೆ ಈ ಬಲವಿಲ್ಲ. ಮೀನು ಯಾವ ದೇಶದ್ದೆಂದು ದೊಡ್ಡ ಅಂಗಡಿಗಳು ತಿಳಿಸಬೇಕೆಂಬ ಕೇಂದ್ರದ ನಿಯಮ 2005ರಿಂದಲೇ ಇದೆ. ಅದು ಹೋಟೆಲುಗಳನ್ನು ಬಿಟ್ಟಿತ್ತು. ಆ ಕಿಂಡಿಯನ್ನು ಲೂಸಿಯಾನಾ 2019ರಲ್ಲಿ, ಅಲಬಾಮಾ 2024ರಲ್ಲಿ ಮುಚ್ಚಲು ಹೊರಟವು. ಗಿರಾಕಿಗೆ ತಿಳಿಯುವ ಹಕ್ಕಿದೆ, ತಕರಾರಿಲ್ಲ. ಆದರೆ ‘ಆಮದು’ ಎಂಬ ಫಲಕ ಔಷಧದ ಉಳಿಕೆಯ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಇದನ್ನು ಸುರಕ್ಷತೆಯ ಹೆಸರಿನಲ್ಲಿ ಮಾರುವುದು ನೀವು ಹೇಳಿದ ನೆಪವೇ ಸರಿ.

ಕ್ಯಾಲಿಫೋರ್ನಿಯಾದ ಉದಾಹರಣೆ ನಿಮಗೆ ಹಿಡಿಸೀತು. ಮೆಕ್ಸಿಕೊ ಕೊಲ್ಲಿಯ ಹಸಿ ಸಿಂಪಿಯಲ್ಲಿ ಬಿಸಿಲುಗಾಲಕ್ಕೆ ಹೆಚ್ಚುವ ವಿಬ್ರಿಯೊ ಎಂಬ ಮಾರಕ ರೋಗಾಣುವಿಗಾಗಿ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತೆಗೆದ ಸಿಂಪಿಯನ್ನು ಸಂಸ್ಕರಿಸದೆ ಮಾರಬಾರದೆಂದು ಅದು 2003ರಲ್ಲೇ ನಿಯಮ ಮಾಡಿತು. ಆ ಸಿಂಪಿ ಬರುತ್ತಿದ್ದುದು ಲೂಸಿಯಾನಾದಂಥ ಸ್ವದೇಶಿ ರಾಜ್ಯಗಳಿಂದ. ಅಂದರೆ ರಾಜ್ಯದ ಸುರಕ್ಷತಾ ನಿಯಮ ವಿದೇಶಿ ಸರಕಿನ ಮೇಲಷ್ಟೇ ಬೀಳುವುದಿಲ್ಲ.

— ಸಂ.