ಕಲರ್ ಡಾಪ್ಲರ್ ಸ್ಕ್ಯಾನ್ ಹೇಗೆ ಕೆಲಸ ಮಾಡುತ್ತದೆ, ಅದರ ಉಪಯೋಗವೇನು?

ಚರ್ಮದ ಮೇಲಿಟ್ಟ ಪುಟ್ಟ ಕೈಸಾಧನವಾದ ಪ್ರೋಬ್‌ನಿಂದ ಹೊರಟ ಶ್ರವಣಾತೀತ ತರಂಗಗಳು ಹರಿಯುವ ರಕ್ತಕಣಗಳಿಗೆ ತಾಗಿ ಮರಳುವಾಗ, ಕಣಗಳು ಪ್ರೋಬ್‌ನತ್ತ ಬರುತ್ತಿದ್ದರೆ ತರಂಗಗಳ ಆವೃತ್ತಿ (ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆ) ಹೆಚ್ಚುತ್ತದೆ, ದೂರ ಸರಿಯುತ್ತಿದ್ದರೆ ತಗ್ಗುತ್ತದೆ. 1842ರಲ್ಲಿ ಆಸ್ಟ್ರಿಯಾದ ಭೌತವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ ವಿವರಿಸಿದ ಈ ಪರಿಣಾಮವನ್ನು ಯಂತ್ರವು ಅಳೆದು, ಸಾಮಾನ್ಯವಾಗಿ ಹತ್ತಿರ ಬರುವ ರಕ್ತಕ್ಕೆ ಕೆಂಪನ್ನೂ ದೂರ ಹೋಗುವ ರಕ್ತಕ್ಕೆ ನೀಲಿಯನ್ನೂ ಕೊಟ್ಟು ಕಪ್ಪು-ಬಿಳುಪಿನ ಚಿತ್ರದ ಮೇಲೆ ತೋರಿಸುತ್ತದೆ. ಕೆಂಪೆಂದರೆ ಅಪಧಮನಿ (ಹೃದಯದಿಂದ ರಕ್ತ ಒಯ್ಯುವ ನಾಳ), ನೀಲಿಯೆಂದರೆ ಅಭಿಧಮನಿ (ಹೃದಯಕ್ಕೆ ರಕ್ತ ಮರಳಿಸುವ ನಾಳ) ಎಂದು ಹಲವರು ಭಾವಿಸುತ್ತಾರೆ, ಅದು ಸರಿಯಲ್ಲ. ಪ್ರೋಬ್ ಓರೆಯಾಗುವ ದಿಕ್ಕು ಬದಲಾದರೆ ಅದೇ ನಾಳದ ಬಣ್ಣವೂ ಬದಲಾಗುತ್ತದೆ, ತರಂಗವು ಹರಿವಿಗೆ ಲಂಬವಾಗಿದ್ದರೆ ಬಣ್ಣವೇ ಕಾಣದಿರಬಹುದು.

ಕಾಲಿನ ಆಳದ ಅಭಿಧಮನಿಗಳಲ್ಲಿ ಹೆಪ್ಪುಗಟ್ಟಿದ ರಕ್ತ, ಕತ್ತಿನ ಅಪಧಮನಿಯ ಕಿರಿದಾಗುವಿಕೆ, ಹೃದಯದ ಕವಾಟಗಳ ಸೋರಿಕೆ ಇದರಿಂದ ತಿಳಿಯುತ್ತವೆ. ಬೆಳವಣಿಗೆ ಕುಂಠಿತವಾದ ಗರ್ಭಸ್ಥ ಶಿಶುವಿನ ಹೊಕ್ಕುಳಬಳ್ಳಿಯ ರಕ್ತಸಂಚಾರವನ್ನು ಕ್ಷಕಿರಣವಿಲ್ಲದೆ ಗಮನಿಸಲು ಸಾಧ್ಯವಾಗುವುದು ಇದರ ಬಹುಮುಖ್ಯ ಉಪಯೋಗವೆನ್ನಬೇಕು.