ಸ್ಕೋಪ್ ಮೌಂಟಿನ ತೂತಿನ್ಯಾಗ ಜಂಗ ಹಿಡಿದದ, ಹ್ಯಾಂಗ ತೆಗೀಬೇಕು?

ಪ್ರಶ್ನೆ: ನಮಸ್ಕಾರ ಸರ, ನಮ್ದು ಹುಮನಾಬಾದ್. ನನ್ನ ಏರ್ ರೈಫಲ್ ಮಳಿಗಾಲ ಪೂರಾ ಬಟ್ಟಿ ಕವರ್‌ನ್ಯಾಗೇ ಇತ್ತು, ಈಗ ತೆಗೆದು ನೋಡಿದ್ರ ಗುರಿ ನೋಡೋ ದುರ್ಬೀನು ಹಿಡಿಯೋ ಸ್ಕೋಪ್ ಮೌಂಟಿನ ಸ್ಕ್ರೂಗಳಿಗೆಲ್ಲ ಜಂಗ ಹತ್ತ್ಯದ. ಹ್ಯಾಂಗೋ ಬಿಚ್ಚಿದೆ, ಆದ್ರ ತೂತಿನ ಒಳಗ ಕೆಂಪು ಪುಡಿ ಕೂತದ, ಹೊಸಾ ಸ್ಕ್ರೂ ಎರಡು ಸುತ್ತು ಹೋಗಿ ಬಿಗೀತದ. ಬಾತ್‌ರೂಮ್ ತೊಳಿಯೋ ಆಸಿಡ್‌ನ್ಯಾಗ ರಾತ್ರಿ ಇಡೀ ಮುಳುಗಿಸಿಡು ಅಂತಾರ ಗೆಳೆಯರು. ಇಡ್ಲೇನ್ರಿ?

ಉತ್ತರ: ಬ್ಯಾಡ್ರಿ, ಆಸಿಡ್ ತಂಟೆಗೇ ಹೋಗಬ್ಯಾಡ್ರಿ. ಮೊದ್ಲು ಮೌಂಟಿಗೆ ಒಂದು ಮ್ಯಾಗ್ನೆಟ್ ಹಚ್ಚಿ ನೋಡ್ರಿ. ಅಂಟಲಿಲ್ಲಂದ್ರ ಅದು ಬಹುತೇಕ ಅಲ್ಯುಮಿನಿಯಂ, ಅದಕ್ಕ ಕೆಂಪು ಜಂಗ ಹಿಡಿಯೋದೇ ಇಲ್ಲ, ಒಳಗಿರೋದು ಸ್ಕ್ರೂ ಬಿಟ್ಟ ಪುಡಿ ಅಷ್ಟೇ, ಆಸಿಡ್ ಹಾಕಿದ್ರ ಮೌಂಟನ್ನೇ ತಿಂತದ. ಅಂಟಿತಂದ್ರ ಸ್ಟೀಲು, ಅದರ ಮ್ಯಾಲಿನ ಕರೀ ಬಣ್ಣ ಬ್ಲೂಯಿಂಗ್ ಆಗಿದ್ರ ಅದೂ ಕಬ್ಬಿಣದ್ದೇ ಒಂದು ಆಕ್ಸೈಡು, ಹಂಗಾಗಿ ಜಂಗ ಕರಗಿಸೋ ಆಸಿಡ್ ಅದನ್ನೂ ಕರಗಿಸ್ತದ, ವಿನೆಗರ್, ಲಿಂಬಿ ರಸಾನೂ ಬಿಡಂಗಿಲ್ಲ. ನಮ್ಮ ಬಿದರಿ ಸಾಮಾನಿನ ಕಪ್ಪು ಇದ್ದಂಗ ಇದು, ಬರೀ ಮೇಲ್ಪದರ.

ಮೌಂಟ್ ರೈಫಲ್‌ನಿಂದ ಪೂರಾ ಬಿಚ್ಚಿಟ್ಟೇ ಕೆಲಸ ಮಾಡ್ರಿ, ರೈಫಲ್ ಖಾಲಿ ಅದನೋ ಇಲ್ಲೋ ಮೊದ್ಲೇ ನೋಡಿಕೊಂಡು. ಸ್ಪ್ರಿಂಗಿನಿಂದ ಗಾಳಿ ಒತ್ತೋ ರೈಫಲ್ ಮ್ಯಾಲೇ ಎಣ್ಣಿ ಸ್ಪ್ರೇ ಹೊಡೆದ್ರ ಒಳಗಿನ ಕಂಪ್ರೆಶನ್ ಚೇಂಬರ್‌ಗೆ ಇಳಿದು, ಟ್ರಿಗರ್ ಒತ್ತಿದಾಗ ಗಾಳಿ ಒತ್ತಡದ ಕಾವಿಗೆ ಹೊತ್ತಿಕೊಳ್ತದ, ಡೀಸೆಲ್ ಎಂಜಿನ್‌ನ್ಯಾಗ ಆಗೋದು ಅದೇ, ಸೀಲ್ ಕೆಡ್ತದ.

ತೂತಿಗೆ ಡಬ್ಲ್ಯೂಡಿ-40 ಇಲ್ಲಾ ಘಾಸಲೇಟ್ ಎಣ್ಣಿ ನಾಕು ಹನಿ ಬಿಟ್ಟು ರಾತ್ರಿ ಇಡ್ರಿ. ಮುಂಜಾನೆ ಹಲ್ಲಿನ ಸಂದಿ ತಿಕ್ಕೋ ಸಣ್ಣ ಬ್ರಶ್ ಮೆಡಿಕಲ್‌ನ್ಯಾಗ ಸಿಗ್ತದಲ್ಲ, ಅದನ್ನ ತಿರುಗಿಸ್ತಾ ತಿಕ್ರಿ. ಆಮ್ಯಾಲ ಅದೇ ಸೈಜಿನ ಒಂದು ಒಳ್ಳೆ ಸ್ಕ್ರೂ ತಗೊಂಡು ಅದರ ಥ್ರೆಡ್ ಮ್ಯಾಲ ತುದಿಯಿಂದ ಉದ್ದಕ್ಕ ತೆಳ್ಳಗಿನ ಅರದಿಂದ ಒಂದು ಗೀರು ಹಾಕ್ರಿ, ಗೀರಿನ ಅಂಚಿನ ಮುರುಕು ಒರೆಸಿ ಎಣ್ಣಿ ಹಚ್ಚಿ ಕೈಲೇ ಅರ್ಧ ಸುತ್ತು ಮುಂದ, ಕಾಲು ಸುತ್ತು ಹಿಂದ, ಹಿಂಗ ಇಳಿಸ್ರಿ. ಕೆರೆದ ಪುಡಿ ಆ ಗೀರಿನ್ಯಾಗ ಕಪ್ಪು ಕೆಸರಿನಂಗ ತುಂಬ್ತದ, ತೆಗೆದು ಒರೆಸಿ ಮತ್ತ ಹಾಕ್ರಿ, ಕೆಸರು ಬರೋದು ನಿಂತಿತಂದ್ರ ಥ್ರೆಡ್ ಸ್ವಚ್ಛ ಆದಂಗ. ಬಿಗಿದ್ರ ಜೋರು ಮಾಡಬ್ಯಾಡ್ರಿ, ವಾಪಸ್ ತೆಗೀರಿ, ಇಲ್ಲಂದ್ರ ಸ್ಕ್ರೂ ತೂತಿನ್ಯಾಗೇ ಮುರೀತದ.

ಲೇಥ್ ಅಂಗಡಿಗೆ ಒಯ್ದು ಟ್ಯಾಪ್ (ತೂತಿನ್ಯಾಗ ಥ್ರೆಡ್ ಕೊರೆಯೋ ಸಾಧನ) ಹೊಡೆಸೋದಾದ್ರ ಸೈಜ್ ಖಾತ್ರಿ ಮಾಡಿಕೊಂಡೇ ಹೊಡೆಸ್ರಿ. ಎಂ3ಕ್ಕ, ಅಂದ್ರ 3 ಮಿಮೀ ದಪ್ಪದ ಸ್ಕ್ರೂಗೆ, ಥ್ರೆಡ್ ಅಂತರ 0.5 ಮಿಮೀ, ಎಂ4ಕ್ಕ 0.7. ಅಮೆರಿಕಾ ಮಾಲಿನ ಎಷ್ಟೋ ಮೌಂಟಿಗೆ 6-48 ಅಂತ ಇಂಚಿನ ಥ್ರೆಡ್ ಇರ್ತದ, ದಪ್ಪ ಸುಮಾರು 3.5 ಮಿಮೀ, ಅದಕ್ಕ ಮಿಲಿಮೀಟರ್ ಟ್ಯಾಪ್ ಹಾಕಿದ್ರ ಥ್ರೆಡ್ ಸತ್ತು ಹೋಗ್ತದ. ಟ್ಯಾಪ್ ಒಳಗ ಮುರೀತಂದ್ರ ಮತ್ತೂ ತಾಪತ್ರಯ, ಅದು ಡ್ರಿಲ್ಲಿಗೂ ಬಗ್ಗಲ್ಲ.

ಕೊನೀಗಿ ಹತ್ತಿ ಸುತ್ತಿದ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಎಣ್ಣಿ ಪೂರಾ ತೆಗೀರಿ. ತಳ ಮುಚ್ಚಿದ ತೂತಿನ್ಯಾಗ ಎಣ್ಣಿ ನಿಂತ್ರ ಸ್ಕ್ರೂ ಪೂರ್ತಿ ಕೂಡಂಗಿಲ್ಲ, ಸ್ಕೋಪ್ ಅಲುಗ್ತದ. ಒಣಗಿದ ಮ್ಯಾಲ ಸ್ಕ್ರೂ ಸಡಿಲಾಗದಂಗ ಹಿಡಿಯೋ ನೀಲಿ ಲಾಕ್‌ಟೈಟ್ ಅಂಟು ಒಂದೇ ಹನಿ ಸಾಕು. ಜಂಗ ತಿಂದ ಹಳೀ ಸ್ಕ್ರೂ ಮತ್ತ ಹಾಕಬ್ಯಾಡ್ರಿ, ರೈಫಲ್‌ನ ಆ ಬಟ್ಟಿ ಕವರ್‌ನ್ಯಾಗೂ ಇಡಬ್ಯಾಡ್ರಿ, ತೇವ ಹಿಡಿಯೋದೇ ಅದು.